ಛಾಯಾತಪ ಮುದ್ರಣ: ಸಂತ ಕ್ರಿಸ್ಟೋಫರನ ಒಂದು ಚಿತ್ರಪಟ



ದೇವರ ಪಟವಿಲ್ಲದ ಮನೆಯು ನಮ್ಮ ನಾಡಿನಲ್ಲಿ ವಿರಳವೆಂದೇ ಹೇಳಬೇಕು. ಬೆಳಗಾದೊಡನೆ ಕೈಮುಗಿದು ನಿಲ್ಲುವ ಆ ಪಟವು ಹೇಗೆ ಸಿದ್ಧವಾಯಿತು, ಅದರೊಳಗಿನ ಬೆಳಕು ಎಲ್ಲಿಂದ ಬಂದಿತು, ಅದನ್ನು ಮಾಡಿದವರು ಎಷ್ಟು ಮಂದಿ ಎಂಬುದನ್ನು ವಿಚಾರಿಸುವವರು ಮಾತ್ರ ಸ್ವಲ್ಪ. ಈ ತಿಂಗಳು ನಾವು ಪರದೇಶದ, ಪರಮತದ ಒಂದು ಪಟವನ್ನು ಕೈಗೆತ್ತಿಕೊಂಡು ಈ ವಿಚಾರವನ್ನು ಮಾಡೋಣವೆಂದಿರುವೆವು. ಸುಮಾರು ಐನೂರು ವರ್ಷಗಳ ಹಿಂದೆ ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣದಲ್ಲಿ, ಸ್ಯಾಕ್ಸನಿಯ ದೊರೆಯ ಆಸ್ಥಾನ ಚಿತ್ರಕಾರನಾಗಿದ್ದ ಲೂಕಾಸ್ ಕ್ರಾನಾಖನು ಮರದಚ್ಚಿನಿಂದ ಮಾಡಿಸಿದ ಪಟವದು. ಸಂತ ಕ್ರಿಸ್ಟೋಫರನು ಬಾಲಕ್ರಿಸ್ತನನ್ನು ಹೆಗಲ ಮೇಲೆ ಹೊತ್ತು ಹೊಳೆಯನ್ನು ದಾಟುವುದು ಅದರ ವಿಷಯ. ಇದನ್ನೇ ಆರಿಸಿಕೊಂಡುದಕ್ಕೆ ಕಾರಣಗಳು ಎರಡು. ಅದನ್ನು ಮುದ್ರಿಸಿರುವ ವಿಧಾನವು ತಿಳಿಯತಕ್ಕದ್ದು ಎಂಬುದು ಒಂದು. ಅದರಲ್ಲಿ ಕೊರೆದಿರುವ 1506 ಎಂಬ ವರ್ಷವು ನಿಜವಾದುದಲ್ಲವೆಂಬುದು ಎರಡನೆಯದು.

ಮೊದಲು ಕಥೆಯನ್ನು ಕೇಳಿರಿ. 13ನೆಯ ಶತಮಾನದಲ್ಲಿ ಯಾಕೋಬಸ್ ಎಂಬ ಇಟಲಿಯ ಸನ್ಯಾಸಿಯು ಕೂಡಿಸಿದ ಸಂತಚರಿತ್ರೆಗಳ ಸಂಗ್ರಹದಿಂದ ಇದು ಯೂರೋಪಿನ ಮನೆಮನೆಗೂ ಹರಡಿತು. ಭೀಮಕಾಯನಾದ ಒಬ್ಬಾನೊಬ್ಬನು, ಲೋಕದಲ್ಲಿ ಎಲ್ಲರಿಗಿಂತಲೂ ದೊಡ್ಡವನಾದ ಒಡೆಯನನ್ನಲ್ಲದೆ ಬೇರೊಬ್ಬನನ್ನು ಸೇವಿಸಲಾರೆನೆಂದು ಸಂಕಲ್ಪ ಮಾಡಿದನು. ಒಬ್ಬ ಮಹಾರಾಜನಲ್ಲಿ ಸೇವೆಗೆ ನಿಂತನು. ಆ ರಾಜನು ಸೈತಾನನ ಹೆಸರಿಗೆ ಬೆದರುವುದನ್ನು ಕಂಡು ಅವನನ್ನು ಬಿಟ್ಟು ಸೈತಾನನನ್ನೇ ಸೇರಿದನು. ಸೈತಾನನು ದಾರಿಯಲ್ಲಿ ನೆಟ್ಟಿದ್ದ ಒಂದು ಶಿಲುಬೆಯನ್ನು ಕಂಡು ಸುತ್ತಿ ಹೋದುದನ್ನು ನೋಡಿ ಅವನನ್ನೂ ಬಿಟ್ಟನು. ಕಡೆಗೆ ಒಬ್ಬ ತಪಸ್ವಿಯು, ‘ನಿನಗೆ ಉಪವಾಸವೂ ಬಾರದು, ಜಪವೂ ಬಾರದು, ಮೈಯಲ್ಲಿ ಬಲವುಂಟು, ಈ ಹೊಳೆಯಲ್ಲಿ ದಾರಿಗರನ್ನು ಹೊತ್ತು ದಾಟಿಸುತ್ತಿರು’ ಎಂಬರ್ಥದ ಉಪದೇಶವನ್ನು ಮಾಡಿದನು. ಒಂದು ರಾತ್ರಿ ಒಂದು ಕೂಸು ಬಂದು ಕರೆಯಿತು. ಹೆಗಲಿಗೇರಿಸಿಕೊಂಡು ನಡೆದಂತೆಲ್ಲ ಕೂಸಿನ ಭಾರ ಏರಿತು, ನೀರೂ ಏರಿತು. ಲೋಕವನ್ನೇ ಹೊತ್ತಂತಾಯಿತೆಂದು ಅವನು ದಡದಲ್ಲಿ ಏದುಸಿರುಬಿಡಲು, ಲೋಕವನ್ನು ಸೃಜಿಸಿದವನನ್ನೇ ನೀನು ಹೊತ್ತಿದ್ದೆ ಎಂದು ಕೂಸು ತಿಳಿಸಿತಂತೆ. ಅವನ ಊರುಗೋಲನ್ನು ನೆಟ್ಟಲ್ಲಿ ಮರುದಿನ ಅದು ಚಿಗುರಿ ಫಲಬಿಟ್ಟಿತು.

‘ಕ್ರಿಸ್ಟೋಫರ್’ ಎಂಬುದಕ್ಕೆ ಗ್ರೀಕಿನಲ್ಲಿ ಕ್ರಿಸ್ತನನ್ನು ಹೊತ್ತವನೆಂದು ಅರ್ಥ. ಆ ಪದದ ಉತ್ತರಾರ್ಧದ ಧಾತುವೂ, ‘ವಿಶ್ವಂಭರ’ ಎಂಬಲ್ಲಿ ನಾವು ಕಾಣುವ ‘ಭೃ’ ಧಾತುವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ತೋರಿಸಿರುವರು. ವಿಶ್ವವನ್ನು ಹೊತ್ತವನನ್ನು ಹೊತ್ತವನು ಈ ದೈತ್ಯ.

ಈ ಸಂತನ ಮುಖವನ್ನು ಕಂಡವನಿಗೆ ಆ ದಿನ ದುರ್ಮರಣವಿಲ್ಲವೆಂಬ ನಂಬಿಕೆಯು ಅಂದಿನ ಜನರಲ್ಲಿ ಬಲವಾಗಿ ಬೇರೂರಿತ್ತು. ಪಿಡುಗುಗಳೂ ಯುದ್ಧಗಳೂ ತುಂಬಿದ್ದ ಕಾಲವದು; ದಾರಿ ಹೊರಟವನು ಮನೆಗೆ ಮರಳುವನೆಂಬ ಭರವಸೆಯಿರಲಿಲ್ಲ. ಆದುದರಿಂದ ದೇವಾಲಯದ ಗೋಡೆಯ ಮೇಲಿನ ಸಂತನು ಸಾಲದಾಗಿ, ಮನೆಯೊಳಗೂ ಪೆಟ್ಟಿಗೆಯ ಮುಚ್ಚಳದೊಳಗೂ ಅವನು ಬೇಕಾದನು. ಇದನ್ನು ನೆರವೇರಿಸಿಕೊಟ್ಟುದು ಮರದಚ್ಚು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರೈಲೆಂಡ್ಸ್ ಗ್ರಂಥಾಲಯದಲ್ಲಿ 1423 ಎಂಬ ವರ್ಷವನ್ನು ಹೊತ್ತ ಕ್ರಿಸ್ಟೋಫರನ ಒಂದು ಮರದಚ್ಚಿನ ಪಟವಿದೆ. ವರ್ಷವನ್ನು ನಮೂದಿಸಿದ ಯೂರೋಪಿನ ಮರದಚ್ಚಿನ ಚಿತ್ರಗಳಲ್ಲಿ ಅದು ಅತ್ಯಂತ ಹಳೆಯವುಗಳಲ್ಲೊಂದು. ಅದರ ಅಡಿಯಲ್ಲಿ ಮೇಲೆ ಹೇಳಿದ ನಂಬಿಕೆಯನ್ನೇ ಲ್ಯಾಟಿನ್ ಪದ್ಯದಲ್ಲಿ ಕೊರೆದಿರುವರು. ಆ ಪಟದಲ್ಲಿ ಅಚ್ಚಿನಿಂದ ಬಂದುದು ಕರಿಯ ಗೆರೆ ಮಾತ್ರ. ಬಣ್ಣವನ್ನು ಆಮೇಲೆ ಕೈಯಿಂದ ತುಂಬಿದರು.

ಕ್ರಾನಾಖನ ಪಟದ ಹೊಸತನವು ಇಲ್ಲಿಯೇ ಇರುವುದು. ಅಲ್ಲಿ ಗೆರೆಯೂ ಛಾಯೆಯೂ ಎರಡೂ ಅಚ್ಚಿನಿಂದಲೇ ಬಂದುವು. ಈ ಬಗೆಯ ಮುದ್ರಣಕ್ಕೆ ಇಟಲಿಯವರು ಇಟ್ಟ ಹೆಸರು ‘ಕಿಯಾರೊಸ್ಕೂರೊ’. ‘ಕಿಯಾರೊ’ ಎಂದರೆ ತಿಳಿಯಾದುದು, ಬೆಳಕುಳ್ಳದ್ದು. ‘ಸ್ಕೂರೊ’ ಎಂದರೆ ಕಪ್ಪಾದುದು. ನಮ್ಮ ವ್ಯಾಕರಣದ ಮಕ್ಕಳು ಇದನ್ನು ಕೂಡಲೆ ದ್ವಂದ್ವಸಮಾಸವೆಂದು ಗುರುತಿಸುವರು. ನೆರಳು ಬಿಸಿಲುಗಳನ್ನು ಜೋಡಿಯಾಗಿ ಹೇಳುವ ‘ಛಾಯಾತಪ’ ಎಂಬ ಹಳೆಯ ದ್ವಂದ್ವವು ಉಪನಿಷತ್ತಿನಲ್ಲಿಯೇ ಉಂಟು. ಆದುದರಿಂದ ಈ ಲೇಖನದಲ್ಲಿ ಇದನ್ನು ಛಾಯಾತಪ ಮುದ್ರಣವೆಂದು ಕರೆಯುವೆವು.

ಇನ್ನು ವಿಧಾನ. ಸಾಮಾನ್ಯವಾದ ಮರದಚ್ಚಿನಲ್ಲಿ ನಯವಾಗಿ ಉಜ್ಜಿದ ಒಂದು ಹಲಗೆಯ ಮೇಲೆ ಚಿತ್ರವನ್ನು ಬರೆಯುವರು. ಯೂರೋಪಿನಲ್ಲಿ ಇದಕ್ಕೆ ಹೆಚ್ಚಾಗಿ ಪೇರ್ ಹಣ್ಣಿನ ಮರವನ್ನು ಬಳಸುತ್ತಿದ್ದರು. ಅದರ ನಾರು ಒತ್ತಾಗಿಯೂ ಸಮನಾಗಿಯೂ ಇರುವುದರಿಂದ ಚೂರಿಯು ಅತ್ತಿತ್ತ ಜಾರದು. ಬರೆದ ಗೆರೆಯನ್ನು ಹಾಗೆಯೇ ಬಿಟ್ಟು ಅದರ ಎರಡು ಪಕ್ಕದ ಮರವನ್ನು ಚೂರಿಯಿಂದಲೂ ಉಳಿಯಿಂದಲೂ ಕೆತ್ತಿ ತೆಗೆಯುವರು. ಗೆರೆಯು ಉಬ್ಬಾಗಿ ಉಳಿಯುವುದು. ತೊಗಲಿನ ಉಂಡೆಯಿಂದ ಅದಕ್ಕೆ ಮಸಿಯನ್ನು ತಟ್ಟಿ, ತೇವಗೊಳಿಸಿದ ಕಾಗದವನ್ನು ಹೊದಿಸಿ ಒತ್ತಿದರೆ ಚಿತ್ರವು ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ ಮೂಡುವುದು. ಕಾಡಿಗೆಯನ್ನು ಕಾಯಿಸಿದ ಅಗಸೆಯೆಣ್ಣೆಯಲ್ಲಿ ಅರೆದರೆ ಆ ಮಸಿಯಾಗುವುದು. ಇಷ್ಟರಿಂದ ಬರುವುದು ಎರಡೇ ಬಣ್ಣ: ಮಸಿಯ ಕಪ್ಪು, ಕಾಗದದ ಬಿಳುಪು. ನಡುವಣ ನೆರಳನ್ನು ತೋರಿಸಬೇಕಾದರೆ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕು.

ಚಿತ್ರಕಾರರಿಗೆ ಕೈಬರಹದಲ್ಲಿ ಇದಕ್ಕಿಂತ ಸೊಗಸಾದ ಒಂದು ಪದ್ಧತಿ ಆಗಲೇ ತಿಳಿದಿತ್ತು. ಕಾಗದಕ್ಕೆ ಮೊದಲೇ ಕಂದು, ಹಸಿರು ಅಥವಾ ನೀಲಿಯ ತೆಳುಬಣ್ಣವನ್ನು ಬಳಿಯುವರು. ಅದರ ಮೇಲೆ ಕರಿಯ ಲೇಖನಿಯಿಂದ ಆಕಾರವನ್ನೂ ನೆರಳನ್ನೂ ಬರೆಯುವರು. ಬೆಳಕು ತಗುಲುವ ಮೂಗಿನ ತುದಿ, ಮೊಣಕಾಲು, ಬಟ್ಟೆಯ ಮಡಿಕೆಯ ಏಣು, ಇಂತಹ ಸ್ಥಳಗಳಿಗೆ ಬಿಳಿಯ ಬಣ್ಣವನ್ನು ಕುಂಚದಿಂದ ಮುಟ್ಟಿಸುವರು. ಕಾಗದದ ಬಣ್ಣವೇ ಮಧ್ಯಮ ಛಾಯೆಯಾಗಿ ನಿಂತು, ಆಕೃತಿಯು ಉಬ್ಬಿ ಎದ್ದುಬಂದಂತೆ ತೋರುವುದು. ನಮ್ಮ ಚಿತ್ರಶಾಸ್ತ್ರಕಾರರು ರೇಖೆಯಿಂದ ಬೇರೆಯಾಗಿ ‘ವರ್ತನೆ’ ಎಂದು ಕರೆದುದು ಇಂತಹ ನೆರಳು ಬೆಳಕಿನ ಕೆಲಸವನ್ನೇ. ಆದರೆ ಹೀಗೆ ಬರೆದ ಚಿತ್ರವು ಒಂದೇ ಒಂದು. ಅದು ಧನಿಕನ ಪೆಟ್ಟಿಗೆಯನ್ನು ಸೇರುವುದು.

ಈ ಒಂಟಿ ಚಿತ್ರದ ಸೊಗಸನ್ನು ನೂರಾರು ಪ್ರತಿಗಳಲ್ಲಿ ತರುವುದು ಹೇಗೆ? ಎರಡನೆಯ ಹಲಗೆಯೊಂದರಿಂದ. ಮೊದಲನೆಯದನ್ನು ರೇಖಾಫಲಕವೆನ್ನೋಣ, ಎರಡನೆಯದನ್ನು ಛಾಯಾಫಲಕವೆನ್ನೋಣ. ರೇಖಾಫಲಕದ ಹಸಿಪ್ರತಿಯೊಂದನ್ನು, ಮಸಿ ಆರುವ ಮುನ್ನವೇ ಎರಡನೆಯ ಹಲಗೆಯ ಮೇಲೆ ಒತ್ತಿದರೆ ಗೆರೆಗಳು ಅಲ್ಲಿಯೂ ಮೂಡುವುವು. ಅವುಗಳ ಜಾಡನ್ನು ಹಿಡಿದು ಕೆತ್ತಬಹುದು. ಈ ಹಲಗೆಯಲ್ಲಿ ಕೆತ್ತುವವನು ಗೆರೆಯನ್ನು ಉಳಿಸುವುದಿಲ್ಲ. ಹಲಗೆಯ ಮೈಯನ್ನೆಲ್ಲ ಹಾಗೆಯೇ ಇರಗೊಟ್ಟು, ಬೆಳಕು ಬೀಳಬೇಕಾದ ಎಡೆಗಳನ್ನು ಮಾತ್ರ ಕೆತ್ತಿ ತೆಗೆಯುವನು. ಅದಕ್ಕೆ ಕಂದುಬಣ್ಣವನ್ನು ತಟ್ಟಿ ಕಾಗದಕ್ಕೊತ್ತಿದರೆ ಚಿತ್ರವೆಲ್ಲವೂ ಕಂದಾಗುವುದು. ಕೆತ್ತಿ ತೆಗೆದೆಡೆಯಲ್ಲಿ ಮಾತ್ರ ಬಣ್ಣ ತಾಗದೆ ಕಾಗದದ ಸ್ವಂತ ಬಿಳುಪು ಉಳಿಯುವುದು.

ಇಲ್ಲಿ ಗೃಹಸ್ಥರು ಕೊಂಚ ನಿಂತು ನೋಡಬೇಕು. ಕೈಬರಹದ ಚಿತ್ರದಲ್ಲಿ ಬೆಳಕು ಕೊನೆಯಲ್ಲಿ ಸೇರಿಸಿದ ವಸ್ತು. ಛಾಯಾತಪ ಮುದ್ರಣದಲ್ಲಿ ಬೆಳಕನ್ನು ಯಾರೂ ಸೇರಿಸಿದುದಿಲ್ಲ. ಅದು ಕಾಗದದಲ್ಲಿ ಮೊದಲೇ ಇದ್ದುದು. ಕೆತ್ತುವವನು ಅದನ್ನು ಮುಚ್ಚದೆ ಬಿಟ್ಟನು, ಅಷ್ಟೆ. ಕ್ರಿಸ್ಟೋಫರನ ತೋಳಿನ ಮೇಲೆಯೂ ಬಟ್ಟೆಯ ಮಡಿಕೆಗಳ ಮೇಲೆಯೂ ಹೊಳೆಯುವ ಬಿಳಿಯ ಗೀರುಗಳು ಮಸಿ ಮುಟ್ಟದ ಸ್ಥಳಗಳು. ಎಲ್ಲಿ ಮರವನ್ನು ತೆಗೆಯಬೇಕೆಂಬ ವಿವೇಕವು ತಪ್ಪಿದರೆ ಚಿತ್ರ ಕೆಟ್ಟಿತೆಂದೇ ತಿಳಿಯಬೇಕು; ತೆಗೆದ ಮರವನ್ನು ಮರಳಿ ಅಂಟಿಸುವುದು ಸುಲಭವಲ್ಲ.

ಇನ್ನೊಂದು ಕಷ್ಟವುಂಟು. ಒಂದೇ ಕಾಗದವು ಎರಡು ಹಲಗೆಗಳ ಕೆಳಗೆ ಎರಡು ಸಲ ಹೋಗಬೇಕು. ತೇವದ ಕಾಗದವು ಹಿಗ್ಗುವುದು, ಆರಿದರೆ ಕುಗ್ಗುವುದು. ಎರಡನೆಯ ಒತ್ತಿನಲ್ಲಿ ಕಾಗದವು ಒಂದು ಗೋಧಿಕಾಳಿನಷ್ಟು ಸರಿದರೂ ಕಣ್ಣಿನ ಬೆಳಕು ಕೆನ್ನೆಗೆ ಬೀಳುವುದು, ಕೆನ್ನೆಯದು ಕಿವಿಗೆ ಬೀಳುವುದು. ಹಳೆಯ ಪ್ರತಿಗಳಲ್ಲಿ ಹೀಗೆ ಸರಿದವು ಇಂದಿಗೂ ದೊರೆಯುತ್ತವೆ. ಆದುದರಿಂದ ಒಂದು ಒಳ್ಳೆಯ ಪ್ರತಿಯು ಕೈಗೆ ಬಂದರೆ ಬರೆದವನನ್ನು ಹೊಗಳಿದಷ್ಟೇ ಕೆತ್ತಿದವನನ್ನೂ ಒತ್ತಿದವನನ್ನೂ ಹೊಗಳತಕ್ಕದ್ದು.

ಈಗ ವರ್ಷದ ವಿಚಾರಕ್ಕೆ ಬರುವೆವು. ಪಟದಲ್ಲಿ ಕ್ರಾನಾಖನ ಹೆಸರಿನ ಮೊದಲಕ್ಷರಗಳೂ, 1506 ಎಂಬ ಅಂಕಿಯೂ, ರೆಕ್ಕೆಯುಳ್ಳ ಒಂದು ಹಾವಿನ ಗುರುತೂ ಇವೆ. ಅಂಕಿಯನ್ನು ನಂಬಿದರೆ, ಜರ್ಮನಿಯಲ್ಲಿ ಛಾಯಾತಪ ಮುದ್ರಣವನ್ನು ಮೊದಲು ಮಾಡಿದವನು ಕ್ರಾನಾಖನೇ ಎನ್ನಬೇಕಾಗುವುದು. ಬಹುಕಾಲ ಹಾಗೆ ನಂಬಿದವರೂ ಉಂಟು. ಆದರೆ ಆ ಹಾವೇ ಸಾಕ್ಷಿಯನ್ನು ಕೆಡಿಸಿತು. ರೆಕ್ಕೆಯ ಹಾವೆಂಬುದು ಕ್ರಾನಾಖನಿಗೆ ಅವನ ಒಡೆಯನಾದ ಪ್ರಾಜ್ಞ ಫ್ರೆಡರಿಕನು ಪ್ರಸಾದಿಸಿದ ಲಾಂಛನ. ಅದನ್ನು ಕೊಟ್ಟ ರಾಜಪತ್ರದ ತಾರೀಖು 1508ನೆಯ ಜನವರಿ 6. ಎರಡು ವರ್ಷಗಳ ಆಮೇಲೆ ದೊರೆಯಲಿದ್ದ ಲಾಂಛನವನ್ನು 1506ರಲ್ಲಿ ಕೆತ್ತಿಸುವುದು ಸಾಧ್ಯವೇ? ಈ ಕಾರಣದಿಂದಲೂ, ಚಿತ್ರದ ರೀತಿಯನ್ನು ನೋಡಿಯೂ, ಪಂಡಿತರು ಇದನ್ನು 1509ರ ಸುಮಾರಿಗೆ ಸೇರಿಸುವರು. ಅದೇ 1506ನ್ನು ಹೊತ್ತ ಅವನ ಇನ್ನೊಂದು ಛಾಯಾತಪ ಮುದ್ರಣವೂ ಇದೆ. ಅದಕ್ಕೂ ಇದೇ ಗತಿಯಾಯಿತು.

ಹಿಂದಿನ ವರ್ಷವನ್ನು ಹಾಕಬೇಕಾದ ಅಗತ್ಯವೇನಿತ್ತು? ಇದಕ್ಕೆ ಉತ್ತರವು ಔಗ್ಸ್‌ಬರ್ಗ್ ಪಟ್ಟಣದಲ್ಲಿದೆ. ಅಲ್ಲಿ ಕೊನ್ರಾಡ್ ಪಾಯ್ಟಿಂಗರ್ ಎಂಬ ವಿದ್ವಾಂಸನಿದ್ದನು. ವಿಟೆನ್‌ಬರ್ಗಿನಿಂದ ಅವನಿಗೆ ಕ್ರಾನಾಖನ ಕೈಯ ಹೊನ್ನಿನ ಮುದ್ರಣದ ವೀರಚಿತ್ರಗಳು ಬಂದುವು. ಅದನ್ನು ಕಂಡು ಪಾಯ್ಟಿಂಗರನು ತನ್ನೂರಿನ ಹಾನ್ಸ್ ಬುರ್ಕ್‌ಮೈರ್ ಎಂಬ ಚಿತ್ರಕಾರನಿಂದ ಹೊನ್ನು ಬೆಳ್ಳಿಗಳಲ್ಲಿ ಅಂಥವೇ ಚಿತ್ರಗಳನ್ನು ಮಾಡಿಸಿ 1508ರಲ್ಲಿ ಫ್ರೆಡರಿಕನಿಗೆ ಕಳುಹಿಸಿದನು. ಬುರ್ಕ್‌ಮೈರನ ಸಂತ ಜಾರ್ಜ್ ಮತ್ತು ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಅಶ್ವಾರೋಹಿ ಚಿತ್ರಗಳು 1508 ಎಂಬ ವರ್ಷವನ್ನು ಹೊತ್ತಿವೆ. ಎರಡು ಪಟ್ಟಣಗಳ ನಡುವೆ ಸ್ಪರ್ಧೆ ಹೀಗೆ ಬೆಳೆಯಿತು. ಹೊನ್ನಿನ ಮುದ್ರಣದಲ್ಲಿ ಮುಂದಿದ್ದ ಕ್ರಾನಾಖನು ಛಾಯಾಫಲಕದಲ್ಲಿಯೂ ತಾನೇ ಮೊದಲೆನಿಸಿಕೊಳ್ಳಲು ಹಿಂದಿನ ವರ್ಷವನ್ನು ಕೆತ್ತಿಸಿದನೆಂಬುದೇ ಹೆಚ್ಚು ಮಂದಿ ಪಂಡಿತರ ಅಭಿಪ್ರಾಯ. ಬಹುಕಾಲ ಮಕ್ಕಳ ಬರಹವನ್ನು ತಿದ್ದಿದ ನಮಗೆ, ತಡವಾಗಿ ಬರೆದ ಪಾಠಕ್ಕೆ ಹಿಂದಿನ ತಾರೀಖು ಬೀಳುವ ಸಂಗತಿಯು ಆಶ್ಚರ್ಯವನ್ನೇನೂ ಉಂಟುಮಾಡದು. ಆದರೆ ಮಕ್ಕಳ ಪುಸ್ತಕವು ವರ್ಷಾಂತ್ಯಕ್ಕೆ ರದ್ದಿಗೆ ಹೋಗುವುದು; ಮರದಲ್ಲಿ ಕೊರೆದ ಅಂಕಿಯು ಐನೂರು ವರ್ಷ ಮಾತನಾಡುವುದು.

‘ನಾನೇ ಮೊದಲು’ ಎಂಬ ಮಾತು ಅಲ್ಲಿಗೂ ನಿಲ್ಲಲಿಲ್ಲ. 1516ರಲ್ಲಿ ಇಟಲಿಯ ಊಗೊ ದಾ ಕಾರ್ಪಿ ಎಂಬ ಕುಶಲ ಕೆತ್ತನೆಗಾರನು ವೆನಿಸ್ ನಗರದ ರಾಜಸಭೆಗೆ ಬಿನ್ನಹವನ್ನು ಬರೆದುಕೊಂಡು, ಬೆಳಕು ನೆರಳುಗಳಿಂದ ಮುದ್ರಿಸುವ ಹೊಸ ರೀತಿಯನ್ನು ತಾನು ಕಂಡುಹಿಡಿದಿರುವೆನೆಂದೂ, ಬೇರೆಯವರು ಅದನ್ನು ಅನುಕರಿಸದಂತೆ ರಕ್ಷಣೆ ಕೊಡಬೇಕೆಂದೂ ಬೇಡಿದನು. 1518ರಲ್ಲಿ ರಾಫೇಲನ ಕಲ್ಪನೆಯನ್ನನುಸರಿಸಿ ಅವನು ಮುದ್ರಿಸಿದ ‘ಅನನೀಯನ ಮರಣ’ವೆಂಬ ಧಾರ್ಮಿಕ ಚಿತ್ರದಲ್ಲಿ, ಅನುಮತಿಯಿಲ್ಲದೆ ನಕಲು ಮಾಡಿದವನಿಗೆ ಪೋಪನ ಆಜ್ಞೆಯಂತೆ ಮತಬಹಿಷ್ಕಾರವೆಂದು ಬರೆದಿದೆ. 1568ರಲ್ಲಿ ವಸಾರಿ ಎಂಬ ಚರಿತ್ರಕಾರನು ಈ ಮುದ್ರಣವನ್ನು ಕಂಡುಹಿಡಿದವನು ಊಗೊ ಎಂದೇ ಬರೆದನು. ಜರ್ಮನರ ಕೆಲಸವು ಏಳೆಂಟು ವರ್ಷಗಳಷ್ಟು ಮೊದಲೇ ನಡೆದಿತ್ತೆಂಬುದು ಸ್ಪಷ್ಟ. ಅವರಿಗೂ ಮುಂಚೆ, 1480ರ ದಶಕದಿಂದ ಎರ್ಹಾರ್ಟ್ ರಾಟ್ಡೋಲ್ಟ್ ಎಂಬ ಮುದ್ರಕನು ವೆನಿಸಿನಲ್ಲಿಯೂ ಬಳಿಕ ಔಗ್ಸ್‌ಬರ್ಗಿನಲ್ಲಿಯೂ ಹಲವು ಅಚ್ಚುಗಳಿಂದ ಬಣ್ಣದ ಚಿತ್ರಗಳನ್ನು ಗ್ರಂಥಗಳಲ್ಲಿ ಒತ್ತಿದ್ದನು. ಹೀಗಿರಲು ಮೊದಲಿಗನಾರು?

ಊಗೊವಿನ ಸಾಧನೆ ಅಲ್ಪವಾದುದೇನೂ ಅಲ್ಲ. ಜರ್ಮನರ ಪಟಗಳಲ್ಲಿ ಸಾಮಾನ್ಯವಾಗಿ ಚಿತ್ರವನ್ನು ಹೊತ್ತಿರುವುದು ಕರಿಯ ರೇಖಾಫಲಕ. ಛಾಯೆಯು ಅದಕ್ಕೆ ಒತ್ತಾಸೆ. ಇಟಲಿಯವರು ಮೂರು ನಾಲ್ಕು ಹಲಗೆಗಳಲ್ಲಿ ಒಂದೇ ಬಣ್ಣದ ತಿಳಿ, ನಡು, ಗಾಢ ಛಾಯೆಗಳನ್ನು ಹಂಚಿಟ್ಟರು. ಯಾವ ಒಂದು ಹಲಗೆಯಲ್ಲಿಯೂ ಚಿತ್ರವು ಪೂರ್ತಿಯಾಗಿ ಕಾಣದು, ಎಲ್ಲವೂ ಕೂಡಿದಾಗಲೇ ಕಾಣುವುದು. ಆದರೆ ಇದಕ್ಕೂ ದಾರಿಯನ್ನು ಔಗ್ಸ್‌ಬರ್ಗಿನವರು ತೋರಿಸಿದ್ದರು. ಬುರ್ಕ್‌ಮೈರನು ಬರೆದ ಹಾನ್ಸ್ ಬಾಮ್‌ಗಾರ್ಟ್ನರ್ ಎಂಬವನ 1512ರ ಮುಖಚಿತ್ರವು ಮೂರು ಛಾಯಾಫಲಕಗಳಿಂದಲೇ ಆದುದು.

ಈ ಔಗ್ಸ್‌ಬರ್ಗಿನ ಹಲಗೆಗಳನ್ನು ಕೆತ್ತಿದವನಾರು? ಯೋಸ್ಟ್ ದ ನೆಗ್ಕರ್ ಎಂಬ ಕೆತ್ತನೆಗಾರ. ಅವನ ಹೆಸರು ಕೆಲವು ಪ್ರತಿಗಳಲ್ಲಿ ಮುದ್ರಿತವಾಗಿರುವುದರಿಂದ ನಮಗೆ ತಿಳಿಯಬಂದಿತು. ಕ್ರಾನಾಖನ ಕ್ರಿಸ್ಟೋಫರನನ್ನು ಕೆತ್ತಿದವನ ಹೆಸರಾದರೋ ಪಟದಲ್ಲಿಲ್ಲ. ದೊರೆಯ ಲಾಂಛನವಿದೆ, ಚಿತ್ರಕಾರನ ಲಾಂಛನವಿದೆ, ನಿಜವಲ್ಲದ ವರ್ಷವೂ ಇದೆ. ಸಂತನ ತೋಳಿನ ಮೇಲೆ ಬೆಳಕನ್ನು ಉಳಿಸಿದ ಕೈ ಯಾವುದೆಂಬುದನ್ನು ಕೊರೆಯಲು ಮಾತ್ರ ಸ್ಥಳ ಸಾಲಲಿಲ್ಲ.

ಸುಳ್ಳು ವರ್ಷದಿಂದ ಪಟದ ಪಾವಿತ್ರ್ಯವು ಕೆಟ್ಟಿತೇ ಎಂದು ಕೆಲವರು ಕೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಆ ಪಟದ ಮುಂದೆ ನಿಂತು, ಹೊರಗೆ ಹೋದ ಮಗನು ಸುಖವಾಗಿ ಮರಳಲೆಂದು ಬೇಡಿದ ತಾಯಿಯು ಅಂಕಿಯನ್ನು ನೋಡಿದವಳಲ್ಲ. ಅವಳ ಭಕ್ತಿಯಲ್ಲಿ ಕೊರತೆಯಿಲ್ಲ. ಪಟದ ಕುಶಲತೆಯೂ ಕುಂದಿದುದಿಲ್ಲ. 1509ರದಾದರೂ ಅದು ಅಷ್ಟೇ ಸೊಗಸು. ಕುಂದಿದುದು ಒಬ್ಬನ ಮಾತಿನ ಬೆಲೆ. ಎರಡನೆಯವನೆನಿಸಿಕೊಂಡರೂ ಯಾವ ಕೊರತೆಯೂ ಬಾರದಿದ್ದ ಕುಶಲನು, ಮೊದಲನೆಯವನೆನಿಸಿಕೊಳ್ಳುವ ಆಸೆಯಿಂದ, ತನ್ನ ಗೌರವದ ಲಾಂಛನದ ಪಕ್ಕದಲ್ಲಿಯೇ ತನ್ನ ವಿರುದ್ಧದ ಸಾಕ್ಷ್ಯವನ್ನು ನೆಟ್ಟುಕೊಂಡನು.

ಇದರಲ್ಲಿ ಒಂದು ವಿಶೇಷವೂ ಉಂಟು. ಅವನು ಆರಿಸಿಕೊಂಡ ಕಥೆ ಯಾವುದು? ಎಲ್ಲರಿಗಿಂತ ದೊಡ್ಡವನನ್ನು ಹುಡುಕಿ ರಾಜನಿಂದ ಸೈತಾನನವರೆಗೆ ಅಲೆದ ದೈತ್ಯನ ಕಥೆ. ಆ ಹುಡುಕಾಟದಲ್ಲಿ ಅವನಿಗೆ ಯಾರೂ ಸಿಕ್ಕಲಿಲ್ಲ. ಅದನ್ನು ಬಿಟ್ಟು, ಹೆಸರು ಕೇಳದೆ ಬಂದವರನ್ನೆಲ್ಲ ಹೊತ್ತು ದಾಟಿಸತೊಡಗಿದ ಮೇಲೆ, ಹುಡುಕಿದವನು ತಾನಾಗಿಯೇ ಬಂದು ಹೆಗಲೇರಿದನು. ಕ್ರಾನಾಖನು ಈ ಕಥೆಯನ್ನು ಬಲ್ಲವನು. ಅದನ್ನು ಚೆನ್ನಾಗಿ ಬರೆದವನು. ಕಥೆಯಂತೆ ನಡೆದವನು, ಹೆಸರಿಲ್ಲದೆ ಭಾರವನ್ನು ಹೊತ್ತು ದಡ ಮುಟ್ಟಿಸಿದ ಆ ಕೆತ್ತನೆಗಾರ.

ಈ ಪಟದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮೊದಲಾದೆಡೆಗಳಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಅದರ ಛಾಯಾಪ್ರತಿಗಳು ಗ್ರಂಥಗಳಲ್ಲಿ ದೊರೆಯುವುವು. ವಾಚಕರಿಗೆ ಅಂತಹ ಪ್ರತಿಯೊಂದು ಕಂಡರೆ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಇದರಲ್ಲಿ ಕಪ್ಪು ಎಲ್ಲಿಂದ ಬಂದಿತು, ಕಂದು ಎಲ್ಲಿಂದ ಬಂದಿತು, ಬಿಳುಪು ಎಲ್ಲಿಂದ ಬಂದಿತು ಎಂದು ಕ್ರಮವಾಗಿ ಕೇಳಿರಿ. ಮೊದಲೆರಡಕ್ಕೆ ಅವರು ಸುಲಭವಾಗಿ ಉತ್ತರ ಕೊಡುವರು. ಮೂರನೆಯದಕ್ಕೆ ತುಸು ಹೊತ್ತು ಹಿಡಿಯುವುದು. ಉತ್ತರವನ್ನು ನೀವಾಗಿ ಹೇಳಬೇಡಿರಿ, ಅವರೇ ಕಂಡುಕೊಳ್ಳಲಿ.